ಹಿಮದ ಪದರ, ಇಳಿಜಾರಿನ ಕೋನ: ಬಯಲುಸೀಮೆಯ ಪ್ರಯಾಣಿಕರಿಗೆ ಹಿಮಕುಸಿತದ ತಿಳಿವಳಿಕೆ

ಪರ್ವತದ ಇಳಿಜಾರಿನಲ್ಲಿ ಪದರ ಪದರವಾಗಿ ಕೂತ ಹಿಮರಾಶಿಯು ತನ್ನ ಭಾರವನ್ನಾಗಲಿ, ತನ್ನ ಮೇಲೆ ಹೊಸದಾಗಿ ಬಿದ್ದ ಭಾರವನ್ನಾಗಲಿ ತಾಳಲಾರದೆ ಒಮ್ಮೆಲೇ ಕಿತ್ತುಕೊಂಡು ಕೆಳಕ್ಕೆ ಧಾವಿಸುವುದನ್ನು ಹಿಮಕುಸಿತ ಎನ್ನುತ್ತಾರೆ. ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಎರಿನೆಲದಲ್ಲಿ, ಮಾದನಹಿಪ್ಪರಗಾದಂಥ ಊರುಗಳಲ್ಲಿ ಬೆಳೆದವರಿಗೆ ಚಳಿಗಾಲವೆಂದರೆ ಎಳ್ಳಮಾವಾಸ್ಯೆಯ ಹೊತ್ತಿಗೆ ತೊಗರಿ, ಜೋಳದ ಹೊಲಗಳ ಮೇಲೆ ಇಳಿಯುವ ಇಬ್ಬನಿಯೇ ಹೊರತು ಹಿಮವಲ್ಲ. ಸಮುದ್ರಮಟ್ಟದಿಂದ 450 ಮೀಟರ್ ಆಸುಪಾಸಿನ ಈ ಬಯಲಿನಲ್ಲಿ ಮಳೆಯ ಗುಣ, ಮಣ್ಣಿನ ಗುಣ ಬಲ್ಲ ಹಿರಿಯರು ಮನೆಮನೆಗೂ ಇದ್ದರೂ ಹಿಮದ ಗುಣ ಹೇಳಿಕೊಡುವವರು ಸಿಗುವುದಿಲ್ಲ. ಆದರೂ ಈ ಭಾಗದ ಜನ ಸೈನ್ಯಕ್ಕೆ ಸೇರಿ, ಕೇದಾರದ ಯಾತ್ರೆಗೆಂದು, ಮನಾಲಿ, ಗುಲ್ಮಾರ್ಗ್‌ಗಳ ಪ್ರವಾಸಕ್ಕೆಂದು, ಇತ್ತೀಚೆಗೆ ಚಳಿಗಾಲದ ಚಾರಣಕ್ಕೆಂದು ಹಿಮದ ನಾಡಿಗೆ ಹೋಗುತ್ತಲೇ ಇದ್ದಾರೆ. ಕಲಬುರಗಿಯಲ್ಲಿ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿದವರು ಮೂರು ನಾಲ್ಕು ದಿನಗಳಲ್ಲಿ 3,000 ಮೀಟರ್ ಎತ್ತರದಲ್ಲಿ ನಿಂತಿರಬಹುದು. ಆದರೆ ಹಿಮದ ನಾಡಿನವರು ಚಿಕ್ಕಂದಿನಿಂದ ಕಣ್ಣಳತೆಯಲ್ಲಿ ಕಲಿತದ್ದನ್ನು ಬಯಲಿನವರು ಹೊರಡುವ ಮೊದಲೇ ಕೂತು ಕಲಿಯಬೇಕಾಗುತ್ತದೆ.

ಈ ಕಲಿಕೆಯ ಅಗತ್ಯವನ್ನು ಕನ್ನಡಿಗರು ದುಬಾರಿ ಬೆಲೆ ತೆತ್ತು ಅರಿತಿದ್ದಾರೆ. 2016ರ ಫೆಬ್ರುವರಿ 3ರಂದು ಸಿಯಾಚಿನ್ ಹಿಮನದಿಯ ಸೋನಮ್ ಠಾಣೆಯ ಮೇಲೆ, ಸುಮಾರು 19,600 ಅಡಿ ಎತ್ತರದಲ್ಲಿ, ಮಂಜುಗಡ್ಡೆಯ ಬೃಹತ್ ಗೋಡೆ ಕುಸಿದು ಮದ್ರಾಸ್ ರೆಜಿಮೆಂಟಿನ ಹತ್ತು ಯೋಧರು ಹೂತುಹೋದರು. ಅವರಲ್ಲಿ ಧಾರವಾಡ ಜಿಲ್ಲೆಯ ಕುಂದಗೋಳ ತಾಲೂಕಿನ ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರು ಕೆಲವು ದಿನಗಳ ಬಳಿಕ ಜೀವಂತವಾಗಿ ಪತ್ತೆಯಾಗಿ, ಫೆಬ್ರುವರಿ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದರು. 2022ರ ಅಕ್ಟೋಬರ್ 4ರಂದು ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆಯ ತರಬೇತಿ ತಂಡವು ದ್ರೌಪದಿ ಕಾ ದಾಂಡಾ ಶಿಖರದ ಬಳಿ ಹಿಮಕುಸಿತಕ್ಕೆ ಸಿಕ್ಕಾಗ 27 ಜನರ ಶವಗಳು ದೊರೆತು ಇಬ್ಬರು ಕಾಣೆಯಾದರು. ಮೃತರಲ್ಲಿ ಕರ್ನಾಟಕದವರೂ ಇದ್ದರು. 2024ರ ಜೂನ್ ಮೊದಲ ವಾರದಲ್ಲಿ ಅದೇ ಉತ್ತರಕಾಶಿ ಜಿಲ್ಲೆಯ ಸಹಸ್ತ್ರತಾಲದ ದಾರಿಯಲ್ಲಿ ಕರ್ನಾಟಕದಿಂದ ಹೋದವರೇ ಹೆಚ್ಚಿದ್ದ 22 ಜನರ ತಂಡ ಹಿಮಗಾಳಿಗೆ ಸಿಲುಕಿ ಒಂಬತ್ತು ಮಂದಿ ಚಳಿಯಿಂದ ಪ್ರಾಣ ಬಿಟ್ಟರು. ಮೊದಲನೆಯದರಲ್ಲಿ ಮಂಜುಗಡ್ಡೆಯ ಗೋಡೆ, ಎರಡನೆಯದರಲ್ಲಿ ಇಳಿಜಾರಿನ ಹಿಮ, ಮೂರನೆಯದರಲ್ಲಿ ಗಾಳಿ ಮತ್ತು ಶೀತ ಕಾರಣವಾಗಿದ್ದು, ಈ ಮೂರೂ ಬೇರೆ ಬೇರೆ ಅಪಾಯಗಳೆಂಬುದನ್ನು ಗಮನಿಸಬೇಕು. ಮೂರನೆಯದು ನಡೆದದ್ದು ಜೂನ್ ತಿಂಗಳಲ್ಲಿ ಎಂಬುದನ್ನಂತೂ ಮರೆಯುವಂತಿಲ್ಲ.

ಹಿಮಾಲಯದವರ ಹಳೆಯ ಪದ್ಧತಿಯೊಂದು ಈ ಭಾಗದ ಭಕ್ತರಿಗೆ ಪರಿಚಿತವೇ ಆಗಿದೆ. ಪರಂಪರೆಯಂತೆ ಕನ್ನಡ ನಾಡಿನ ವೀರಶೈವ ಜಂಗಮರು ಧರ್ಮಮುಖ್ಯಸ್ಥರಾದ ರಾವಲರಾಗಿ ಬಂದಿರುವ ಕೇದಾರನಾಥದಲ್ಲಿ, ದೀಪಾವಳಿಯ ನಂತರ ಸುಮಾರು 3,580 ಮೀಟರ್ ಎತ್ತರದ ದೇಗುಲದ ಬಾಗಿಲು ಮುಚ್ಚಿ, ಉತ್ಸವಮೂರ್ತಿಯನ್ನು ಕೆಳಗಿನ ಊಖಿಮಠಕ್ಕೆ ತಂದು, ಚಳಿಗಾಲ ಪೂರ್ತಿ ಪೂಜೆಯನ್ನು ಅಲ್ಲಿಯೇ ನಡೆಸುತ್ತಾರೆ. ಮತ್ತೆ ಬಾಗಿಲು ತೆರೆಯುವ ದಿನವನ್ನು ಮಹಾಶಿವರಾತ್ರಿಯಂದು ನಿಗದಿ ಮಾಡುತ್ತಾರೆ. ಕೇದಾರದ ಸುತ್ತಣ ಇಳಿಜಾರುಗಳು ಆ ತಿಂಗಳುಗಳಲ್ಲಿ ಹಿಮ ಹೊತ್ತು ನಿಂತಿರುತ್ತವೆ. ದೇವರನ್ನೇ ಕೆಳಗಿಳಿಸಿಕೊಂಡು ಬರುವ ಸಮಾಜ ಚಳಿಗಾಲದ ಪರ್ವತವನ್ನು ಎಷ್ಟು ಗಂಭೀರವಾಗಿ ಕಂಡಿದೆ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಹಿಮ ಜಾರುವ ಬಗೆ

ಹಿಮಕುಸಿತಕ್ಕೆ ಬೇಕಾದ ಮೊದಲ ಷರತ್ತು ಇಳಿಜಾರಿನ ಕೋನ. 30ರಿಂದ 45 ಡಿಗ್ರಿ ಕೋನದ ಇಳಿಜಾರುಗಳಲ್ಲಿಯೇ ಬಹುಪಾಲು ಕುಸಿತಗಳು ಹುಟ್ಟುತ್ತವೆ, ಅದರಲ್ಲೂ 38 ಡಿಗ್ರಿಯ ಆಸುಪಾಸು ಅತ್ಯಂತ ಅಪಾಯಕರ. 45 ಡಿಗ್ರಿಗಿಂತ ಬಹಳ ಕಡಿದಾದ ಕಡೆ ಹಿಮ ಕೂಡುವ ಮೊದಲೇ ಸಣ್ಣ ಸಣ್ಣದಾಗಿ ಉದುರಿಹೋಗುತ್ತದೆ, 30 ಡಿಗ್ರಿಗಿಂತ ಕಡಿಮೆಯಿದ್ದರೆ ಜಾರಲು ಸಾಕಷ್ಟು ಸೆಳೆತ ಸಿಗುವುದು ಅಪರೂಪ. ಮನುಷ್ಯರು ಹತ್ತಲು, ಸ್ಕೀ ಹಲಗೆ ಕಟ್ಟಿಕೊಂಡು ಜಾರಲು ಇಷ್ಟಪಡುವ ಇಳಿಜಾರುಗಳೂ ಬಹುತೇಕ ಇದೇ ಅಳತೆಯವು ಎಂಬುದೇ ಇಲ್ಲಿನ ಕಷ್ಟ. ಮೊಬೈಲಿನ ಕೋನಮಾಪಕ ಆ್ಯಪನ್ನು ತೆರೆದು, ಊರುಗೋಲನ್ನು ಇಳಿಜಾರಿನ ದಿಕ್ಕಿಗೆ ಹಿಮದ ಮೇಲೆ ಮಲಗಿಸಿ, ಅದರ ಮೇಲೆ ಫೋನಿನ ಅಂಚನ್ನು ಇಟ್ಟರೆ ಕೋನ ತಿಳಿಯುತ್ತದೆ. ಈ ಅಳತೆಯನ್ನು ಅಪಾಯದ ಇಳಿಜಾರಿನ ಮೇಲೆ ನಿಂತು ಮಾಡದೆ, ಪಕ್ಕದ ಸಣ್ಣ, ಸುರಕ್ಷಿತ ದಿಣ್ಣೆಯಲ್ಲಿ ಅಭ್ಯಾಸ ಮಾಡಿ ಕಣ್ಣನ್ನು ಪಳಗಿಸಿಕೊಳ್ಳುವುದು ಸರಿಯಾದ ಕ್ರಮ.

ಎರಡನೆಯ ಷರತ್ತು ಪದರಗಳದ್ದು. ಕಲಬುರಗಿ ಜಿಲ್ಲೆಯ ಜನರಿಗೆ ಶಹಾಬಾದಿನ ಫರಸಿ ಕಲ್ಲು ಗೊತ್ತಿರುವುದರಿಂದ ಈ ಮಾತನ್ನು ಅದರ ಮೂಲಕ ಅರ್ಥ ಮಾಡಿಕೊಳ್ಳಬಹುದು: ಗಣಿಯಲ್ಲಿ ಕಲ್ಲಿನ ಹಾಸುಗಳು ಒಂದರ ಮೇಲೊಂದು ಕೂತಿದ್ದು, ಎರಡು ಹಾಸುಗಳ ನಡುವಿನ ಬಲಹೀನ ಗೆರೆಯನ್ನು ಹಿಡಿದು ಎಬ್ಬಿಸಿದರೆ ಮೇಲಿನ ಹಾಸು ಇಡಿಯಾಗಿ ಏಳುವಂತೆ, ಹಿಮದಲ್ಲಿಯೂ ಬಿಗಿಯಾದ ಮೇಲಿನ ಪದರವು ಅದರ ಕೆಳಗಿನ ದುರ್ಬಲ ಪದರ ಮುರಿದಾಗ ಇಡಿಯಾಗಿ ಬಿಟ್ಟುಕೊಳ್ಳುತ್ತದೆ. ಈ ಬಗೆಯದನ್ನು ಹಿಮಫಲಕದ ಕುಸಿತ ಎನ್ನಬಹುದು. ಒಂದು ಬಿಂದುವಿನಿಂದ ಹೊರಟು ಅಗಲವಾಗುತ್ತ ಸಾಗುವ ಸಡಿಲ ಹಿಮದ ಕುಸಿತಕ್ಕಿಂತ ಇದು ಬಹಳ ಮಾರಕ, ಏಕೆಂದರೆ ಫಲಕದ ನಡುವೆ ನಿಂತವನ ಮೇಲ್ಗಡೆಯೇ ಬಿರುಕು ಬಿಟ್ಟು, ಕೆಲವೇ ಕ್ಷಣಗಳಲ್ಲಿ ಕಾಲಡಿಯ ನೆಲವೆಲ್ಲ ಚಲಿಸತೊಡಗುತ್ತದೆ, ದೊಡ್ಡ ಕುಸಿತದ ವೇಗ ಗಂಟೆಗೆ 100 ಕಿ.ಮೀ. ಮೀರುತ್ತದೆ. ಪ್ರವಾಸಿಗರು, ಚಾರಣಿಗರು ಸಿಕ್ಕಿಬಿದ್ದ ಹತ್ತು ಅಪಘಾತಗಳಲ್ಲಿ ಸುಮಾರು ಒಂಬತ್ತರಲ್ಲಿ ಕುಸಿತವನ್ನು ಎಬ್ಬಿಸಿದ್ದು ಸಿಕ್ಕಿಬಿದ್ದವರ ಅಥವಾ ಅವರ ಜೊತೆಯವರ ಕಾಲಿನ ಭಾರವೇ ಎಂದು ಹಿಮತಜ್ಞರು ಹೇಳುತ್ತಾರೆ. ಅಂದರೆ ಬಹುಪಾಲು ಕುಸಿತಗಳು ವಿಧಿಯಂತೆ ಮೇಲಿನಿಂದ ಬಂದು ಎರಗಿದವಲ್ಲ, ತಪ್ಪಿಸಬಹುದಾದವು.

ದುರ್ಬಲ ಪದರ ಹುಟ್ಟುವ ಬಗೆಯನ್ನು ತಿಳಿದವರಿಗೆ ಒಂದು ತಪ್ಪು ನಂಬಿಕೆ ತಾನಾಗಿ ಬಿಟ್ಟುಹೋಗುತ್ತದೆ. ಹಿಮ ತೆಳುವಾಗಿದ್ದರೆ ಅಪಾಯ ಕಡಿಮೆ ಎಂದು ಬಯಲಿನವರು ಸಹಜವಾಗಿ ಎಣಿಸುತ್ತಾರೆ. ನಿಜದಲ್ಲಿ ಹಿಮದಡಿಯ ನೆಲ ಸೊನ್ನೆ ಡಿಗ್ರಿಯ ಸಮೀಪ ಬೆಚ್ಚಗಿರುತ್ತದೆ, ಮೇಲಿನ ಗಾಳಿ ಸೊನ್ನೆಗಿಂತ ಹತ್ತಿಪ್ಪತ್ತು ಡಿಗ್ರಿ ಕೆಳಗಿರಬಹುದು. ಪದರ ತೆಳುವಾದಷ್ಟೂ ಈ ಅಂತರ ಕಡಿಮೆ ದಪ್ಪದಲ್ಲಿ ಹಂಚಿಹೋಗಿ, ಹತ್ತು ಸೆಂಟಿಮೀಟರಿಗೆ ಒಂದು ಡಿಗ್ರಿಗಿಂತ ಹೆಚ್ಚು ವ್ಯತ್ಯಾಸವಾದಾಗ ನೀರಾವಿ ಕೆಳಗಿನಿಂದ ಮೇಲಕ್ಕೆ ಚಲಿಸಿ, ಒಂದಕ್ಕೊಂದು ಅಂಟದ, ಸಕ್ಕರೆಯಂತೆ ಉದುರುವ ಹರಳುಗಳು ತಳದಲ್ಲಿ ಬೆಳೆಯುತ್ತವೆ. ಡಿಸೆಂಬರಿನ ಮೊದಲ ತೆಳು ಹಿಮ ಹೀಗೆ ತಳದಲ್ಲಿ ಬಲ ಕಳೆದುಕೊಂಡು ವಾರಗಟ್ಟಲೆ ಕಾದಿದ್ದು, ಜನವರಿಯಲ್ಲಿ ಭಾರಿ ಹಿಮಪಾತವಾದ ಕೂಡಲೇ ಮೇಲಿನ ಹೊರೆಯನ್ನು ಹೊರಲಾರದೆ ಮುರಿಯುತ್ತದೆ. ನಿರಭ್ರ ರಾತ್ರಿಯಲ್ಲಿ ಹಿಮದ ಮೇಲ್ಮೈಯಲ್ಲಿ ಮೂಡುವ ಗರಿಯಂಥ ಮಂಜಿನ ಹರಳುಗಳೂ ನೋಡಲು ಚೆಂದವೇ ಆದರೂ ಮುಂದಿನ ಹಿಮದಡಿ ಹೂತ ಮೇಲೆ ಇನ್ನೊಂದು ದುರ್ಬಲ ಪದರವಾಗುತ್ತವೆ. ತಳದ ಈ ಸ್ಥಿತಿ ಮೇಲಿನಿಂದ ಕಾಣುವುದಿಲ್ಲವಾದ್ದರಿಂದ, ಬಿಳಿಯಾಗಿ ನಯವಾಗಿ ಕಂಡ ಇಳಿಜಾರು ಗಟ್ಟಿಯಾಗಿದೆ ಎಂದು ಭಾವಿಸಲು ಯಾವ ಆಧಾರವೂ ಇರುವುದಿಲ್ಲ.

ಮೂರನೆಯದು ಇತ್ತೀಚಿನ ಹವೆ. ಪಶ್ಚಿಮ ಹಿಮಾಲಯಕ್ಕೆ ಚಳಿಗಾಲದ ಹಿಮವನ್ನು ತರುವುದು ಮುಂಗಾರಿನ ಮೋಡವಲ್ಲ. ಮೆಡಿಟರೇನಿಯನ್ ಸಮುದ್ರದ ಕಡೆಯಿಂದ ಪೂರ್ವಕ್ಕೆ ಸಾಗಿಬರುವ, ಹವಾಮಾನ ಇಲಾಖೆ ವೆಸ್ಟರ್ನ್ ಡಿಸ್ಟರ್ಬೆನ್ಸ್ ಎಂದು ಹೆಸರಿಸುವ ವಾಯುಮಂಡಲದ ಕಲಕಾಟಗಳು. ಇವು ದಿನಗಳ ಮುಂಚೆಯೇ ಮುನ್ಸೂಚನೆಯಲ್ಲಿ ಕಾಣಿಸಿಕೊಳ್ಳುತ್ತವೆ. ಒಂದು ದಿನದಲ್ಲಿ 30 ಸೆಂಟಿಮೀಟರ್ ಅಥವಾ ಅದಕ್ಕಿಂತ ಹೆಚ್ಚು ಹಿಮ ಬಿದ್ದರೆ, ಅದರೊಂದಿಗೆ ಗಾಳಿಯೂ ಬೀಸಿದರೆ, ಮುಂದಿನ ಎರಡು ಮೂರು ದಿನ ಕಡಿದಾದ ಇಳಿಜಾರುಗಳ ಕಡೆಗೆ ಹೋಗಲೇಬಾರದು. ಗಾಳಿಯ ಪಾತ್ರವನ್ನು ಜನ ಕಡೆಗಣಿಸುತ್ತಾರೆ: ಅದು ಗುಡ್ಡದ ಒಂದು ಮಗ್ಗುಲಿನ ಹಿಮವನ್ನು ಎತ್ತಿ, ಗಾಳಿಮರೆಯ ಮಗ್ಗುಲಿನಲ್ಲಿ ಹಲವು ಪಟ್ಟು ದಪ್ಪವಾಗಿ ಹೇರುತ್ತದೆ, ಹಿಮವೇ ಬೀಳದ ದಿನವೂ ಇದು ನಡೆಯುತ್ತದೆ, ಏಣಿನ ತುದಿಯಲ್ಲಿ ಸೂರಿನಂತೆ ಹೊರಚಾಚಿದ ಹಿಮವು ಈ ಗಾಳಿಯ ದಿಕ್ಕನ್ನು ತೋರಿಸುತ್ತದೆ. ಫೆಬ್ರುವರಿ, ಮಾರ್ಚ್‌ಗಳಲ್ಲಿ ಬಿಸಿಲು ಏರಿದಂತೆ ದಕ್ಷಿಣಕ್ಕೆ ಮುಖ ಮಾಡಿದ ಇಳಿಜಾರುಗಳ ಹಿಮ ನೀರು ಕುಡಿದು ಸಡಿಲವಾಗುವುದರಿಂದ, ಅಂಥ ಜಾಗಗಳನ್ನು ನಸುಕಿನಲ್ಲಿಯೇ ದಾಟಿ ಮಧ್ಯಾಹ್ನದೊಳಗೆ ತಂಗುದಾಣ ಸೇರುವುದು ವಾಡಿಕೆ.

ದಾರಿಯಲ್ಲಿ ಕಾಣುವ ಗುರುತುಗಳು

ಹತ್ತಿರದಲ್ಲಿ ಹೊಸ ಕುಸಿತ ಬಿದ್ದಿದ್ದರೆ ಅದೇ ಮಾದರಿಯ, ಅದೇ ದಿಕ್ಕಿನ ಪಕ್ಕದ ಇಳಿಜಾರೂ ಸಿದ್ಧವಾಗಿದೆಯೆಂದು ತಿಳಿಯಬೇಕು. ಹೆಜ್ಜೆಯಿಟ್ಟಾಗ ಹಿಮದ ಒಳಗಿನಿಂದ 'ಧುಮ್' ಎಂಬ ಮಂದ ಸದ್ದು ಬಂದು ಸುತ್ತಲಿನ ಹಿಮ ಕೊಂಚ ಕುಸಿದು ಕೂತರೆ, ಅಥವಾ ಕಾಲಿನ ಬಳಿಯಿಂದ ಬಿರುಕು ಓಡಿದರೆ, ಕೆಳಗಿನ ದುರ್ಬಲ ಪದರ ಆಗಲೇ ಮುರಿದಿದೆ ಎಂದರ್ಥ. ಆಗ ಚರ್ಚೆಗೆ ನಿಲ್ಲದೆ, ಬಂದ ಹೆಜ್ಜೆಗುರುತಿನಲ್ಲಿಯೇ ಹಿಂದಿರುಗಬೇಕು. ದೇವದಾರು ಕಾಡಿನ ನಡುವೆ ಮೇಲಿನಿಂದ ಕೆಳಗಿನವರೆಗೆ ಮರಗಳೇ ಇಲ್ಲದ ಪಟ್ಟೆ ಕಂಡರೆ, ಅಥವಾ ಮರಗಳ ಮೇಲ್ಮಗ್ಗುಲಿನ ಕೊಂಬೆಗಳೆಲ್ಲ ಮುರಿದು ಕೆಳಮಗ್ಗುಲಿನವು ಮಾತ್ರ ಉಳಿದಿದ್ದರೆ, ಅದು ಹಿಮ ಮತ್ತೆ ಮತ್ತೆ ಕುಸಿದು ಬರುವ ದಾರಿ.

ಸಮತಟ್ಟಾದ ಜಾಗದಲ್ಲಿ ನಿಂತವರು ಸುರಕ್ಷಿತ ಎಂಬುದೂ ಪೂರ್ತಿ ನಿಜವಲ್ಲ, ಏಕೆಂದರೆ ಮೇಲೆ ಹುಟ್ಟಿದ ಕುಸಿತ ಕಣಿವೆಯ ತಳದವರೆಗೂ ಹರಿದು ಬರುತ್ತದೆ. 2023ರ ಏಪ್ರಿಲ್ 4ರಂದು ಸಿಕ್ಕಿಮಿನಲ್ಲಿ ಗ್ಯಾಂಗ್ಟಕ್‌ನಿಂದ ನಾಥು ಲಾಗೆ ಹೋಗುವ ರಸ್ತೆಯ ಬದಿಯಲ್ಲಿ ಹಿಮದಲ್ಲಿ ಓಡಾಡುತ್ತಿದ್ದ ಪ್ರವಾಸಿಗರ ಮೇಲೆ ಕುಸಿತ ಬಿದ್ದು ಏಳು ಮಂದಿ ಸತ್ತರು. ಅವರು ಪರ್ವತ ಹತ್ತುವವರಾಗಿರಲಿಲ್ಲ, ಗಾಡಿಯಿಳಿದು ಹಿಮ ನೋಡಲು ಹೋದವರು. ಮನಾಲಿ, ಸೋನಮಾರ್ಗ್, ಸಿಕ್ಕಿಮುಗಳಿಗೆ ಬಾಡಿಗೆ ಗಾಡಿಯಲ್ಲಿ ಹೋಗುವ ಕುಟುಂಬಗಳು ಇದನ್ನು ವಿಶೇಷವಾಗಿ ಗಮನಿಸಬೇಕು: ಫೋಟೊಕ್ಕೆಂದು ಗಾಡಿಯನ್ನು ಎಲ್ಲಿ ನಿಲ್ಲಿಸುವುದು ಎಂಬ ನಿರ್ಧಾರವೇ ಇಲ್ಲಿ ಜೀವರಕ್ಷಣೆಯ ನಿರ್ಧಾರವಾಗಿದ್ದು, ಕಡಿದಾದ ಬೋಳು ಇಳಿಜಾರಿನ ಕೆಳಗೆ, ನಾಲಾ ರಸ್ತೆಗೆ ಬಂದು ಕೂಡುವ ತಿರುವಿನಲ್ಲಿ ಎಂದೂ ನಿಲ್ಲಿಸಬಾರದು, ಪರವಾನಗಿ ಕೊಟ್ಟ ಮೈಲಿಗಲ್ಲಿನಾಚೆ ಕರೆದೊಯ್ಯಲು ಚಾಲಕನನ್ನು ಒತ್ತಾಯಿಸುವುದಂತೂ ಸಲ್ಲದು. ಕಿರಿದಾದ ಕೊರಕಲು, ಹೊಳೆಯ ಪಾತ್ರ ಇಂಥವು ಕುಸಿತದ ಹಾದಿಯ ಕೆಳಗಿದ್ದರೆ ಸಣ್ಣ ಕುಸಿತವೂ ಅಲ್ಲಿ ಆಳವಾಗಿ ಹೂಳುತ್ತದೆ.

ಭಾರತದಲ್ಲಿ ಹಿಮಕುಸಿತದ ಮುನ್ಸೂಚನೆಯನ್ನು ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಓದ ಅಂಗವಾದ, ಚಂಡೀಗಢದ ಡಿಜಿಆರ್‌ಇ ಪ್ರಯೋಗಾಲಯ ನೀಡುತ್ತದೆ. 1969ರಲ್ಲಿ ಮನಾಲಿಯಲ್ಲಿ ಆರಂಭವಾದ ಹಿಮ ಅಧ್ಯಯನ ಸಂಸ್ಥೆಯೇ 2020ರಲ್ಲಿ ಮತ್ತೊಂದು ಪ್ರಯೋಗಾಲಯದೊಂದಿಗೆ ಕೂಡಿ ಈ ರೂಪ ಪಡೆಯಿತು. ಅದರ ಪ್ರಕಟಣೆಗಳು ಜಿಲ್ಲೆಯ ಹೆಸರು, ಎಷ್ಟು ಮೀಟರಿಗಿಂತ ಮೇಲೆ ಅಪಾಯ, ಅಪಾಯದ ಮಟ್ಟ ಯಾವುದು ಎಂಬುದನ್ನು ಹೇಳುತ್ತವೆ, ಜಿಲ್ಲಾಡಳಿತಗಳು ಅವನ್ನು ಪ್ರಚಾರ ಮಾಡುತ್ತವೆ. ಜಗತ್ತಿನ ಹಲವೆಡೆ ಬಳಕೆಯಲ್ಲಿರುವ ಐದು ಹಂತಗಳ ಮಾಪನದಲ್ಲಿ ನಾಲ್ಕು, ಐದನೆಯ ಹಂತ ಘೋಷಿಸಿದಾಗ ಹೆಚ್ಚಿನ ಜನ ಹೆದರಿ ಹೊರಗೆ ಹೋಗುವುದಿಲ್ಲ; ಹೆಚ್ಚು ಸಾವುಗಳಾಗುವುದು ಮೂರನೆಯ ಹಂತದಲ್ಲಿ. 'ಮಧ್ಯದ ಹಂತ ತಾನೆ' ಎಂದು ಎಣಿಸುವವರು ಈ ಸಂಗತಿಯನ್ನು ಗಂಭೀರವಾಗಿ ಪರಿಗಣಿಸಬೇಕು. ಅನುಮಾನದ ಇಳಿಜಾರನ್ನು ದಾಟಲೇಬೇಕಾದಾಗ ಒಬ್ಬೊಬ್ಬರಾಗಿ ದಾಟುತ್ತ, ಉಳಿದವರು ಸುರಕ್ಷಿತ ಜಾಗದಿಂದ ದಾಟುವವರ ಮೇಲೆ ಕಣ್ಣಿಟ್ಟಿರಬೇಕು. ಇದರಿಂದ ಹಿಮದ ಮೇಲಿನ ಭಾರ ಕಡಿಮೆಯಾಗುತ್ತದೆ, ಅನಾಹುತವಾದರೂ ಅಗೆಯಲು ಕೈಗಳು ಉಳಿದಿರುತ್ತವೆ.

ಹೂತವರಿಗೆ ಉಳಿಯುವ ನಿಮಿಷಗಳು

ಪೂರ್ತಿ ಹೂತವರನ್ನು ಹತ್ತರಿಂದ ಹದಿನೈದು ನಿಮಿಷದೊಳಗೆ ಹೊರತೆಗೆದರೆ ಹತ್ತರಲ್ಲಿ ಒಂಬತ್ತು ಮಂದಿ ಬದುಕುತ್ತಾರೆ; ಅರ್ಧ ಗಂಟೆ ದಾಟಿದ ಮೇಲೆ ಮೂವರಲ್ಲಿ ಒಬ್ಬರು ಉಳಿಯುವುದೂ ಕಷ್ಟ, ಏಕೆಂದರೆ ಹೆಚ್ಚಿನವರು ಸಾಯುವುದು ಚಳಿಯಿಂದಲ್ಲ, ಉಸಿರುಕಟ್ಟಿ. ಹನುಮಂತಪ್ಪ ಅವರು ದಿನಗಟ್ಟಲೆ ಜೀವ ಹಿಡಿದಿದ್ದಕ್ಕೆ ಅವರ ಸುತ್ತ ಉಳಿದಿದ್ದ ಗಾಳಿಯ ಪೊಳ್ಳು ಕಾರಣವೆಂದು ಆಗ ವರದಿಯಾಗಿತ್ತು. 2025ರ ಫೆಬ್ರುವರಿ 28ರಂದು ಬದರಿನಾಥದ ಸಮೀಪದ ಮಾಣಾದಲ್ಲಿ ಗಡಿ ರಸ್ತೆ ಸಂಸ್ಥೆಯ ಶಿಬಿರದ ಮೇಲೆ ಹಿಮ ಕುಸಿದಾಗಲೂ 54 ಕಾರ್ಮಿಕರಲ್ಲಿ 46 ಮಂದಿ ಬದುಕುಳಿದರು. ಅವರು ತಂಗಿದ್ದ ಲೋಹದ ಕಂಟೇನರುಗಳು ಹಲವರಿಗೆ ಉಸಿರಾಡುವ ಜಾಗವನ್ನು ಕಾದಿಟ್ಟಿದ್ದವು. ತೆರೆದ ಇಳಿಜಾರಿನಲ್ಲಿ ನಡೆಯುವಾಗ ಹೂತವರಿಗೆ ಅಂಥ ಆಶ್ರಯ ಇರುವುದಿಲ್ಲ, ಹೊರಗಿನ ರಕ್ಷಣಾ ತಂಡ ಹದಿನೈದು ನಿಮಿಷದಲ್ಲಿ ಬರುವುದೂ ಅಸಾಧ್ಯ. ಆದ್ದರಿಂದ ಜೊತೆಯವರೇ ರಕ್ಷಕರು.

ಅದಕ್ಕೆ ಬೇಕಾದ ಸಲಕರಣೆ ಮೂರು: 457 ಕಿಲೋಹರ್ಟ್ಸ್ ತರಂಗದಲ್ಲಿ ಸಂಕೇತ ಕಳುಹಿಸುವ ಮತ್ತು ಹುಡುಕುವ ಟ್ರಾನ್ಸೀವರ್ ಎಂಬ ಪುಟ್ಟ ಯಂತ್ರ, ಮಡಚಿ ಬಿಚ್ಚಬಹುದಾದ ಎರಡೂವರೆ ಮೂರು ಮೀಟರ್ ಉದ್ದದ ಶೋಧಕೋಲು, ಲೋಹದ ಅಲಗಿನ ಸಲಿಕೆ. ಟ್ರಾನ್ಸೀವರನ್ನು ಬ್ಯಾಗಿನಲ್ಲಿಡದೆ ಮೈಗೆ ಕಟ್ಟಿಕೊಂಡಿರಬೇಕು. ಮೊಬೈಲು ಅದರ ಸಂಕೇತವನ್ನು ಕೆಡಿಸುವುದರಿಂದ ನಡೆಯುವಾಗ ಕನಿಷ್ಠ 20, ಹುಡುಕುವಾಗ ಕನಿಷ್ಠ 50 ಸೆಂಟಿಮೀಟರ್ ದೂರದಲ್ಲಿ ಇರಿಸಬೇಕು. ಕುಸಿತ ಬಿದ್ದ ಕೂಡಲೇ ಹೂತವರು ಕೊನೆಯದಾಗಿ ಕಂಡ ಜಾಗವನ್ನು ಗುರುತಿಟ್ಟುಕೊಂಡು, ಉಳಿದವರೆಲ್ಲರೂ ತಮ್ಮ ಯಂತ್ರವನ್ನು ಹುಡುಕುವ ಸ್ಥಿತಿಗೆ ಬದಲಾಯಿಸಿ, ಸಂಕೇತ ಅತಿ ಬಲವಾಗಿರುವಲ್ಲಿ ಹಿಮದ ಮೇಲ್ಮೈಗೆ ಲಂಬವಾಗಿ ಕೋಲು ಚುಚ್ಚುತ್ತ ಹೋಗಬೇಕು. ಕೋಲು ದೇಹಕ್ಕೆ ತಾಗಿದ ಮೇಲೆ ಅದನ್ನು ಕೀಳದೆ ಅಲ್ಲಿಯೇ ಬಿಟ್ಟು, ಕೋಲಿನ ನೇರ ಮೇಲಿನಿಂದಲ್ಲ, ಹೂತ ಆಳದ ಒಂದೂವರೆ ಪಟ್ಟು ದೂರ ಇಳಿಜಾರಿನ ಕೆಳಗಡೆಯಿಂದ ಅಡ್ಡಲಾಗಿ ಅಗೆದುಕೊಂಡು ಬರಬೇಕು. ನಿಂತ ಕುಸಿತದ ಹಿಮ ಮೆತ್ತಗಿರುವುದಿಲ್ಲ, ಒಂದು ಘನ ಮೀಟರಿಗೆ 300ರಿಂದ 500 ಕಿಲೋ ತೂಗುವಂತೆ ಬಿಗಿದುಕೊಂಡಿರುತ್ತದೆ, ಬರಿಗೈಯಿಂದ ಅದನ್ನು ಕೆದರಲಾಗದು. ಸಿಕ್ಕವರ ಮುಖವನ್ನು ಮೊದಲು ತೆರವು ಮಾಡಿ, ಬಾಯಿಯ ಹಿಮ ತೆಗೆದು, ಉಸಿರಿಲ್ಲದಿದ್ದರೆ ತಡಮಾಡದೆ ಕೃತಕ ಉಸಿರಾಟ ನೀಡಬೇಕು. ಕುಸಿತದಲ್ಲಿ ಸಿಕ್ಕವರು ಮಾಡಬಹುದಾದುದು ಸ್ವಲ್ಪವೇ: ಬದಿಗೆ ಹೋಗಲು ಯತ್ನಿಸುವುದು, ಮೇಲೆ ಉಳಿಯಲು ಹೆಣಗುವುದು, ವೇಗ ತಗ್ಗಿದಾಗ ಕೈಗಳನ್ನು ಮುಖದ ಮುಂದೆ ತಂದು ಉಸಿರಿಗೆ ಜಾಗ ಮಾಡಿಕೊಳ್ಳುವುದು. ಸಲಕರಣೆಯಿದೆ ಎಂಬ ಧೈರ್ಯದಿಂದ ಕೆಟ್ಟ ಇಳಿಜಾರಿಗೆ ಇಳಿಯುವುದು ಯಾವ ಲೆಕ್ಕದಲ್ಲೂ ಸರಿಯಲ್ಲ. ಸತ್ತವರಲ್ಲಿ ಸುಮಾರು ನಾಲ್ಕನೇ ಒಂದು ಪಾಲು ಜನ ಬಂಡೆ, ಮರಗಳಿಗೆ ಬಡಿದು ಸತ್ತವರಾಗಿದ್ದು, ಅವರಿಗೆ ಯಂತ್ರದಿಂದ ಉಪಯೋಗವಿಲ್ಲ.

ಚಳಿ, ಎತ್ತರ, ಮುಚ್ಚಿದ ಕೋಣೆ

ಹಿಮಕುಸಿತದ ಭಯದಲ್ಲಿ ಚಳಿಯನ್ನು ಮರೆಯಬಾರದೆಂಬುದಕ್ಕೆ ಸಹಸ್ತ್ರತಾಲವೇ ಸಾಕ್ಷಿ. ದೇಹದ ಒಳಗಿನ ಉಷ್ಣತೆ 35 ಡಿಗ್ರಿಗಿಂತ ಇಳಿಯುವುದನ್ನು ಹೈಪೋಥರ್ಮಿಯಾ ಎನ್ನುತ್ತಾರೆ. ನಡುಕ, ಮಾತು ತೊದಲುವುದು, ಎಡವುವುದು, ಗೊಣಗುವುದು ಇದರ ಆರಂಭ, ನಡುಗುತ್ತಿದ್ದವರ ನಡುಕ ತಾನಾಗಿ ನಿಂತರೆ ಅದು ಸುಧಾರಣೆಯಲ್ಲ, ಸ್ಥಿತಿ ಬಿಗಡಾಯಿಸಿದ ಸೂಚನೆ. ಒದ್ದೆ ಬಟ್ಟೆ ತೆಗೆದು, ನೆಲದ ಥಂಡಿ ತಾಗದಂತೆ ಕೆಳಗೆ ಹಾಸಿ, ಗಾಳಿಯಿಂದ ಮರೆಮಾಡಿ, ಎಚ್ಚರವಿದ್ದು ನುಂಗಬಲ್ಲವರಿಗೆ ಬಿಸಿಯಾದ ಸಿಹಿ ಪಾನೀಯ ಕೊಡಬೇಕು. ಮದ್ಯ ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಒಳಗಿನ ಶಾಖವನ್ನು ಹೊರಹಾಕುವುದರಿಂದ ಅದನ್ನು ಹನಿಯೂ ಕೊಡಬಾರದು. ಬೆರಳು, ಮೂಗು ಹೆಪ್ಪುಗಟ್ಟಿ ಬೆಳ್ಳಗೆ ಮರಗಟ್ಟಿದರೆ ಅವನ್ನು ಹಿಮದಿಂದಾಗಲಿ ಕೈಯಿಂದಾಗಲಿ ಉಜ್ಜಬಾರದು. ಮನೆಯಲ್ಲಿ ಕೌದಿ ಹೊದ್ದು ಬೆಚ್ಚಗಿರುವವರಿಗೆ ಹತ್ತಿಯ ಮೇಲೆ ನಂಬಿಕೆ ಹೆಚ್ಚು, ಆದರೆ ಒದ್ದೆಯಾದ ಹತ್ತಿ ಮೈಯ ಶಾಖವನ್ನು ಎಳೆದುಕೊಳ್ಳುತ್ತದೆ. ಮೈಗೆ ತಾಗುವ ಬಟ್ಟೆ ಉಣ್ಣೆಯದೋ ಬೇಗ ಒಣಗುವ ಸಿಂಥೆಟಿಕ್ ನೂಲಿನದೋ ಆಗಿರಬೇಕು. ಈ ಸೀಮೆಯ ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಬೆಲ್ಲ ಹೆಪ್ಪುಗಟ್ಟದೆ ಉಳಿಯುವ, ಬೇಕಾದಷ್ಟು ಶಕ್ತಿ ಕೊಡುವ ಬುತ್ತಿ. ನೀರು ಮೇಲ್ಭಾಗದಿಂದ ಗಡ್ಡೆಗಟ್ಟುವುದರಿಂದ ಬಾಟಲಿಯನ್ನು ತಲೆಕೆಳಗಾಗಿ ಇಟ್ಟರೆ ಬೆಳಿಗ್ಗೆ ಅದರ ಬಾಯಿ ಗಡ್ಡೆಗಟ್ಟಿರುವುದಿಲ್ಲ.

3,000 ಮೀಟರ್ ದಾಟಿದ ಮೇಲೆ, ಮೈ ಎತ್ತರಕ್ಕೆ ಹೊಂದಿಕೊಳ್ಳಲೆಂದು, ದಿನಕ್ಕೆ 300ರಿಂದ 500 ಮೀಟರಿಗಿಂತ ಹೆಚ್ಚು ಎತ್ತರಕ್ಕೆ ಹೋಗಿ ಮಲಗದಿರುವುದು ಒಳ್ಳೆಯದು. ತಲೆನೋವಿನೊಂದಿಗೆ ವಾಕರಿಕೆ, ಹಸಿವಿಲ್ಲದಿರುವುದು ಕಂಡರೆ ಮೇಲೇರುವುದನ್ನು ನಿಲ್ಲಿಸಬೇಕು. ಕೂತಲ್ಲೇ ಏದುಸಿರು ಬಂದರೆ, ನೇರ ಗೆರೆಯ ಮೇಲೆ ಹಿಮ್ಮಡಿಗೆ ಬೆರಳು ತಾಗಿಸುತ್ತ ನಡೆಯಲಾಗದಿದ್ದರೆ, ರಾತ್ರಿಯಾಗಿದ್ದರೂ ಸರಿ, ಕೆಳಗಿಳಿಸಬೇಕು. ಲೇಹ್‌ಗೆ ವಿಮಾನದಲ್ಲಿ ಇಳಿದವರು ಆ ಕ್ಷಣವೇ 3,500 ಮೀಟರ್ ಸಮೀಪದ ಎತ್ತರದಲ್ಲಿರುವುದರಿಂದ ಎರಡು ದಿನ ವಿಶ್ರಾಂತಿಯಲ್ಲಿ ಕಳೆಯುವುದು ಅತ್ಯಗತ್ಯ. ಇನ್ನೊಂದು ಅಪಾಯ ಪರ್ವತದ್ದಲ್ಲ, ಕೋಣೆಯದು: ಇದ್ದಿಲಿನ ಅಂಗೀಠಿಯನ್ನೋ ಗ್ಯಾಸ್ ಒಲೆಯನ್ನೋ ಮುಚ್ಚಿದ ಕೋಣೆಯಲ್ಲಿ, ಗುಡಾರದಲ್ಲಿ ಉರಿಸಿಟ್ಟು ಮಲಗಿದರೆ ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮೊನಾಕ್ಸೈಡ್ ನಿದ್ದೆಯಲ್ಲೇ ಕೊಲ್ಲುತ್ತದೆ.

ಚಳಿಗಾಲದ ಚಾರಣಕ್ಕೆ ಹೋಗಬಯಸುವ ಈ ಭಾಗದ ಯುವಕ ಯುವತಿಯರು ಮೊದಲು ತರಬೇತಿ ಪಡೆಯುವುದು ಲೇಸು. 1948ರ ನವೆಂಬರಿನಲ್ಲಿ 11,500 ಅಡಿಗೂ ಎತ್ತರದ ಜೋಜಿಲಾ ಕಣಿವೆದಾರಿಗೆ ಟ್ಯಾಂಕುಗಳನ್ನು ಹತ್ತಿಸಿದ ಕೊಡಗಿನ ಸೇನಾಧಿಕಾರಿ ತಿಮ್ಮಯ್ಯನವರ ಹೆಸರಿನಲ್ಲಿ ರಾಜ್ಯ ಸರ್ಕಾರವೇ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿಯನ್ನು ನಡೆಸುತ್ತಿದೆ. ಉತ್ತರಕಾಶಿ, ಮನಾಲಿ, ಡಾರ್ಜಿಲಿಂಗ್, ಪಹಲ್ಗಾಮ್‌ಗಳ ಸಂಸ್ಥೆಗಳಲ್ಲಿ ಪರ್ವತಾರೋಹಣದ ಮೂಲ ಕೋರ್ಸುಗಳಿವೆ. ಚಾರಣ ಸಂಸ್ಥೆಯನ್ನು ಆರಿಸುವಾಗ ದರಕ್ಕಿಂತ ಮೊದಲು, ಹವೆ ಕೆಟ್ಟರೆ ಹಿಂದಿರುಗುವ ನಿರ್ಧಾರ ಯಾರದು, ಎಷ್ಟು ಗಂಟೆಗೆ ಎಲ್ಲಿದ್ದರೂ ಹಿಂದಿರುಗುತ್ತಾರೆ, ಉಪಗ್ರಹ ಫೋನೋ ವಾಕಿಟಾಕಿಯೋ ಇದೆಯೇ, ಅರಣ್ಯ ಇಲಾಖೆಯ ಪರವಾನಗಿ ಪಡೆದಿದ್ದಾರೆಯೇ ಎಂದು ಕೇಳಿ ತಿಳಿಯಬೇಕು. ಸರಿಯಾದ ಉತ್ತರ ಸಿಗದಿದ್ದರೆ ಆ ತಂಡದೊಂದಿಗೆ ಹೋಗುವುದು ಬೇಡ. ಮನೆಯವರ ಬಳಿ ಪ್ರತಿದಿನದ ತಂಗುದಾಣಗಳ ಪಟ್ಟಿ, ತಂಡದ ಮುಖ್ಯಸ್ಥರ ಸಂಖ್ಯೆ, ಹಿಂದಿರುಗುವ ದಿನಾಂಕ ಬರೆದಿಟ್ಟು, ಆ ದಿನ ಸುದ್ದಿ ಬಾರದಿದ್ದರೆ 112ಕ್ಕೋ ಆ ಜಿಲ್ಲೆಯ ವಿಪತ್ತು ನಿರ್ವಹಣಾ ಕೇಂದ್ರಕ್ಕೋ ಕರೆ ಮಾಡಲು ಹೇಳಿರಬೇಕು. ಪ್ರಯಾಣ ವಿಮೆ ಮಾಡಿಸುವವರು ಅದು ಎಷ್ಟು ಮೀಟರ್ ಎತ್ತರದವರೆಗೆ ಅನ್ವಯಿಸುತ್ತದೆ, ಹೆಲಿಕಾಪ್ಟರ್ ರಕ್ಷಣೆಯ ಖರ್ಚು ಅದರಲ್ಲಿ ಸೇರಿದೆಯೇ ಎಂಬುದನ್ನು ಹಣ ಕಟ್ಟುವ ಮೊದಲೇ ಓದಿ ನೋಡಬೇಕು.